ಮರಾಠಿ ನಟನಿಗೆ ಕಡಬದ ದನಿ

ಡಬ್ಬಿಂಗಿಗೆ ಮಾತು ಬರೆಯುವಾಗ ನಾನು ಮೊದಲು ಸದ್ದು ನಿಲ್ಲಿಸಿ ತುಟಿ ನೋಡುತ್ತೇನೆ. ಮರಾಠಿಯವನೊಬ್ಬ ‘ನಾಹೀ’ ಎಂದಾಗ ಕೊನೆಯಲ್ಲಿ ಅವನ ತುಟಿ ಎರಡೂ ಕಡೆಗೆ ಹಿಗ್ಗುತ್ತದೆ. ಅಲ್ಲಿಗೆ ಕನ್ನಡದ ‘ಇಲ್ಲ’ ತಂದು ಕೂರಿಸಿದರೆ ಬಾಯಿ ಒಂದು ದಾರಿ, ಮಾತು ಒಂದು ದಾರಿ. ‘ಇಲ್ಲರೀ’ ಎಂದರೆ ಸರಿಹೋಗುತ್ತದೆ. ‘ಆಹೆ’ಗೆ ಅಷ್ಟು ಕಷ್ಟವಿಲ್ಲ, ‘ಇದೆ’ ಇದೆ. ಪ, ಬ, ಮ ಬಂದಲ್ಲೆಲ್ಲ ತುಟಿ ಮುಚ್ಚುವುದರಿಂದ ಆ ಜಾಗದಲ್ಲಿ ಕನ್ನಡದಲ್ಲೂ ಅಂಥದೇ ಅಕ್ಷರ ಬೀಳುವಂತೆ ವಾಕ್ಯವನ್ನು ಹಿಂದೆ ಮುಂದೆ ಮಾಡಬೇಕು. ಈ ಕೆಲಸ ನನಗೆ ಚೆನ್ನಾಗಿ ಬರುತ್ತದೆ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಸಿನಿಮಾ ಬಂದದ್ದು ಒಬ್ಬ ವಿತರಕರ ಮೂಲಕ. ಮರಾಠಿ ಸಂಗೀತ ನಾಟಕಗಳಲ್ಲಿ ಹೆಣ್ಣಿನ ಪಾತ್ರ ಮಾಡಿ, ಹಾಡಿ, ಬದುಕಿರುವಾಗಲೇ ದಂತಕಥೆಯಾದ ಒಬ್ಬ ನಟನ ಜೀವನಚಿತ್ರ ಅದು. ಅವನು ರಂಗದ ಮೇಲೆ ಸೀರೆಯ ನೆರಿಗೆ ಹಿಡಿದು ಎರಡು ಹೆಜ್ಜೆ ಇಟ್ಟರೆ ಮುಂದಿನ ವಾರ ಊರ ಹೆಂಗಸರೆಲ್ಲ ಹಾಗೇ ನಡೆಯುತ್ತಿದ್ದರಂತೆ. ಕನ್ನಡದಲ್ಲಿ ಮಾತು ಬರೆದು, ದನಿ ಕೊಡಿಸಿ, ಮುಗಿಸಿಕೊಡುವುದು ನನ್ನ ಹೊಣೆ. ನಮ್ಮ ಮನೆಮಾತು ಒಂಥರ ಮರಾಠಿ. ತುಮಕೂರಿನ ಮರಳೂರಿನಲ್ಲಿ ನಾವು ಮಾತಾಡುವ ಮರಾಠಿಯನ್ನು ಪುಣೆಯವರು ಕೇಳಿದರೆ ನಕ್ಕುಬಿಡುತ್ತಾರೆ. ಆದರೂ ಆ ಮನೆಮಾತಿನ ಕಾರಣಕ್ಕೇ ಈ ಕೆಲಸ ನನ್ನ ಪಾಲಿಗೆ ಬಂತು.

ಮೂಲ ನಿರ್ದೇಶಕರೊಂದಿಗೆ ಫೋನಿನಲ್ಲಿ ಮಾತಾಡಿ ಮೊದಲೇ ಒಂದು ವಿಷಯ ಗಟ್ಟಿ ಮಾಡಿಕೊಂಡಿದ್ದೆ. ಹಾಡುಗಳನ್ನು ಮುಟ್ಟುವುದಿಲ್ಲ. ರಂಗಗೀತೆಗಳು ಮರಾಠಿಯಲ್ಲೇ ಇರುತ್ತವೆ, ಮಾತು ಮಾತ್ರ ಕನ್ನಡ. “ಜನ ಒಪ್ತಾರಾ ಮೇಡಂ?” ಎಂದು ವಿತರಕರು ಕೇಳಿದರು. ನಮ್ಮ ಕಡೆ ಕಂಪನಿ ನಾಟಕ ನೋಡಿ ಬೆಳೆದವರಿಗೆ ರಾಗ ಯಾವ ಭಾಷೆಯಲ್ಲಿದ್ದರೂ ತಲೆದೂಗುವುದು ಗೊತ್ತು ಎಂದೆ. ಅವರಿಗೆ ಸಮಾಧಾನವಾಗಲಿಲ್ಲ.

ರೆಕಾರ್ಡಿಂಗ್ ನಡೆದದ್ದು ಉಪ್ಪಾರಹಳ್ಳಿಯಲ್ಲಿ, ರೈಲು ಹಳಿಯ ಪಕ್ಕದ ಒಂದು ಮನೆಯ ಮಹಡಿಯ ಮೇಲೆ. ಸ್ಟುಡಿಯೋ ಮಾಲೀಕನೇ ಸೌಂಡ್ ಎಂಜಿನಿಯರ್. ಗೋಡೆಗೆ ಫೋಮ್, ಅದರ ಮೇಲೆ ಹಳೇ ರಗ್ಗು, ಬಾಗಿಲಿಗೆ ಎರಡು ಪದರ. ಎಷ್ಟು ಮಾಡಿದರೂ ರೈಲು ಬಂದಾಗ ನೆಲ ಸಣ್ಣಗೆ ನಡುಗಿ ಮೈಕಿಗೆ ಗೊತ್ತಾಗುತ್ತಿತ್ತು. ಎಂಜಿನಿಯರ್‌ಗೆ ರೈಲುಗಳ ವೇಳೆ ಬಾಯಿಪಾಠ. “ಗೂಡ್ಸ್ ಬರ್ತಾ ಇದೆ, ಕಾಫಿ ಕುಡ್ಕೊಂಡ್ ಬನ್ನಿ” ಎಂದು ಅವನು ಕೈಯೆತ್ತಿದರೆ ಎಲ್ಲರೂ ಹೊರಗೆ.

ನಾಯಕನ ದನಿಗೆ ಕುಣಿಗಲ್‌ನ ಒಬ್ಬ ಕನ್ನಡ ಮೇಷ್ಟ್ರನ್ನು ಆರಿಸಿದ್ದೆ. ಕಾಲೇಜಿನಲ್ಲಿ ಪಾಠ, ಬಿಡುವಿನಲ್ಲಿ ಡಬ್ಬಿಂಗ್. ಮೆತ್ತನೆಯ, ತುಸು ತೇವ ಇರುವ ದನಿ. ಆಯ್ಕೆಗೆಂದು ಬಂದ ಉಳಿದವರೆಲ್ಲ ಹೆಣ್ಣಿನ ಪಾತ್ರ ಎಂದ ಕೂಡಲೇ ದನಿಯನ್ನು ಮೇಲಕ್ಕೆತ್ತಿ ಕೀರಲು ಮಾಡುತ್ತಿದ್ದರು. ಇವರೊಬ್ಬರೇ ಕೇಳಿದರು, “ಮೇಡಂ, ಚಿತ್ರದಲ್ಲಿ ಈ ಮನುಷ್ಯ ದನಿ ಬದಲಾಯಿಸೋದೇ ಇಲ್ಲ ಅಲ್ವಾ? ತನ್ನ ದನೀಲೇ ಮಾತಾಡ್ತಾನೆ, ಆದರೆ ಅವಸರ ಇಲ್ಲ.” ಆ ಮಾತಿಗೇ ಅವರನ್ನು ಆರಿಸಿಬಿಟ್ಟೆ.

ಮೊದಲ ಭಾಗ ಹೂವೆತ್ತಿದ ಹಾಗೆ ಆಯಿತು. ಒಂದೊಂದು ಮಾತನ್ನೂ ಪರದೆಯ ಮೇಲೆ ತಿರುತಿರುಗಿ ಓಡಿಸುತ್ತೇವೆ. ಕಲಾವಿದರು ಮೂಲವನ್ನು ಕಿವಿಯಲ್ಲಿ ಕೇಳುತ್ತಾರೆ, ನಟನ ಉಸಿರು ನೋಡುತ್ತಾರೆ, ಆಮೇಲೆ ಅವನ ಬಾಯಿ ತೆರೆಯುವ ಕ್ಷಣಕ್ಕೆ ಸರಿಯಾಗಿ ಕನ್ನಡ ಇಳಿಸುತ್ತಾರೆ. ಮೇಷ್ಟ್ರು ಬಸ್ಸಿಳಿದು ನೇರ ಬಂದು ಒಂದು ಲೋಟ ಬಿಸಿನೀರು ಕುಡಿದು ನಿಂತರೆ ಮಧ್ಯಾಹ್ನದವರೆಗೆ ಕೂರುತ್ತಿರಲಿಲ್ಲ. ಹುಡುಗನಾಗಿದ್ದ ನಟ ಮೊದಲ ಸಲ ಸೀರೆ ಉಟ್ಟು ಕನ್ನಡಿಯ ಮುಂದೆ ನಾಚುವ ದೃಶ್ಯದಲ್ಲಿ ಅವರು ಮಾತಿಗೂ ಮುಂಚೆ ಒಂದು ಸಣ್ಣ ನಗೆ ಸೇರಿಸಿದರು. ಮೂಲದಲ್ಲಿ ಅದು ಇರಲಿಲ್ಲ. ಉಳಿಸಿಕೊಂಡೆವು.

ಕೆಟ್ಟದ್ದು ಜಗಳದ ದೃಶ್ಯದಲ್ಲಿ. ಚಿತ್ರದ ನಡುವೆ ನಟ ತನ್ನ ಕಂಪನಿಯವರ ಮೇಲೆ ರೇಗಿ ಕೂಗಾಡುತ್ತಾನೆ. ಇಡೀ ಸಿನಿಮಾದಲ್ಲಿ ಅವನು ಕೂಗುವುದು ಅದೊಂದೇ ಸಲ. ಮೇಷ್ಟ್ರಿಗೆ ಆ ವಾರವಿಡೀ ನೆಗಡಿ ಇತ್ತು. ಇನ್ನೊಂದು ದಿನ ಮಾಡೋಣ ಎಂದೆ. “ಏನಾಗಲ್ಲ ಮೇಡಂ, ಮುಗಿಸಿಬಿಡೋಣ” ಎಂದರು. ಟೇಕ್ ಮೇಲೆ ಟೇಕ್. ಒಂದು ಟೇಕಿನ ನಡುವೆ ಬಟ್ಟೆ ಹರಿದಂಥ ಸದ್ದಾಯಿತು. ಎಂಜಿನಿಯರ್ ಮೈಕ್ ಕೇಬಲ್ ಹೋಯಿತೆಂದು ಎದ್ದು ನೋಡಿದ. ಕೇಬಲ್ ಸರಿಯಾಗಿತ್ತು. ಮೇಷ್ಟ್ರು ಗಂಟಲು ಹಿಡಿದುಕೊಂಡು ನಿಂತಿದ್ದರು.

ತುಮಕೂರಿನ ಕಿವಿ-ಮೂಗು-ಗಂಟಲಿನ ವೈದ್ಯೆ ಸಣ್ಣ ಕ್ಯಾಮೆರಾ ಒಳಗೆ ಬಿಟ್ಟು ನೋಡಿದರು. ಧ್ವನಿತಂತುವಿನ ಮೇಲೆ ರಕ್ತ ಕಟ್ಟಿದೆ, ಪೂರ್ತಿ ಮೌನ, ಪಿಸುಮಾತೂ ಕೂಡದು ಎಂದರು. “ಎಷ್ಟು ದಿನ?” ಎಂದು ನಾನೇ ಕೇಳಿದೆ. “ಆ ರಕ್ತ ಕರಗೋವರೆಗೂ. ಇವ್ರು ಪಾಠ ಹೇಳಿ ಬದುಕೋರು. ನಿಮ್ಮ ಸಿನಿಮಾ ಮುಖ್ಯಾನಾ, ಇವ್ರ ಗಂಟಲು ಮುಖ್ಯಾನಾ?” ಮೇಷ್ಟ್ರು ಹೊರಗೆ ಬಂದು ಬೆಂಚಿನ ಮೇಲೆ ಕೂತು ನನ್ನ ಕಡೆ ನೋಡಿ ಕೈಮುಗಿದರು. ಆಗಲೇ ಮಾತು ಬಿಟ್ಟಿದ್ದರು.

ಉಳಿದದ್ದು ಚಿತ್ರದ ಕೊನೆಯ ಭಾಗ, ನಟನ ಮುಪ್ಪು. ಜನ ಮರೆತ ಮೇಲೆ, ಮೈ ಸೋತ ಮೇಲೆ ಅವನು ಬದುಕಿದ ವರ್ಷಗಳು. ವಿತರಕರಿಗೆ ಫೋನ್ ಮಾಡಿದೆ.

“ರಿಲೀಸ್ ಡೇಟ್ ಲಾಕ್ ಆಗೋಗಿದೆ ಮೇಡಂ. ಥಿಯೇಟರ್‌ನೋರು ಕಾಯಲ್ಲ. ಒಂದ್ ಕೆಲ್ಸ ಮಾಡಿ, ಇಲ್ಲಿವರೆಗೂ ಮಾಡಿರೋ ರೆಕಾರ್ಡಿಂಗ್ ಕಳ್ಸಿ. ನಮ್ ಹುಡುಗ್ರು ಸಾಫ್ಟ್‌ವೇರಲ್ಲಿ ಅದೇ ವಾಯ್ಸಲ್ಲಿ ಉಳ್ದಿರೋ ಮಾತನ್ನೂ ವಯಸ್ಸಾದವ್ರ ಥರ ಹೇಳ್ಸಿ ಕೊಡ್ತಾರೆ.”

ಒಂದು ದೃಶ್ಯಕ್ಕೆ ಮಾದರಿ ಮಾಡಿಸಿ ಕಳಿಸಿಯೂ ಬಿಟ್ಟರು. ಕೇಳಿದೆವು. ಮೇಷ್ಟ್ರ ದನಿಯೇ, ಮೇಲೆ ಸ್ವಲ್ಪ ನಡುಕ. ಕೆಟ್ಟದಾಗಿತ್ತು ಎಂದರೆ ಸುಳ್ಳಾಗುತ್ತದೆ. ಆದರೆ ಪರದೆಯ ಮೇಲೆ ಮುದುಕ ಮಂಚದಿಂದ ಏಳಲು ಒದ್ದಾಡುತ್ತಿದ್ದರೆ ಮಾತು ಮಾತ್ರ ಏದುಸಿರಿಲ್ಲದೆ ನಯವಾಗಿ ಹರಿಯುತ್ತಿತ್ತು. “ಮೇಷ್ಟ್ರನ್ನ ಕೇಳಿದೀರಾ ಇದಕ್ಕೆ?” ಎಂದು ವಿತರಕರಿಗೆ ಮತ್ತೆ ಫೋನ್ ಮಾಡಿದೆ. “ಕೇಳೋದೇನಿದೆ, ಅವ್ರದೇ ವಾಯ್ಸ್ ಅಲ್ವಾ?” ಎಂದರು. ಅದೇ ಕಾರಣಕ್ಕೆ ಕೇಳಬೇಕು ಎಂದೆ. “ಸೋಮವಾರದೊಳಗೆ ನೀವು ಬೇರೆ ದಾರಿ ಹುಡುಕಿದ್ರೆ ಸರಿ, ಇಲ್ದಿದ್ರೆ ಇದೇ” ಎಂದು ಫೋನ್ ಇಟ್ಟರು.

ಮೇಷ್ಟ್ರಿಗೆ ಎಲ್ಲವನ್ನೂ ಮೆಸೇಜಿನಲ್ಲಿ ತಿಳಿಸಿದೆ. ಅವರ ಜಾಗದಲ್ಲಿ ನಾನಿದ್ದರೆ ಯಂತ್ರಕ್ಕೇ ಒಪ್ಪುತ್ತಿದ್ದೆನೋ ಏನೋ, ಕಡೇಪಕ್ಷ ಪಾತ್ರ ನನ್ನ ಹೆಸರಿನಲ್ಲಿ ಉಳಿಯುತ್ತಿತ್ತು. ಬಂದ ಉತ್ತರ ಹೀಗಿತ್ತು: ‘ಕಡಬದಲ್ಲಿ ಒಬ್ಬರಿದ್ದಾರೆ. ಹಳೇ ಕಂಪನಿ ಕಲಾವಿದರು, ರಾಜನ ಪಾತ್ರಗಳಿಗೆ ಹೆಸರಾದವರು. ನಮ್ಮ ಕಾಲೇಜಿಗೆ ಬಂದು ಮಾತಾಡಿದ್ದರು. ಆ ದನಿ ಈಗಲೂ ಕಿವಿಯಲ್ಲಿದೆ. ಕೇಳಿ ನೋಡಿ.’

ಮರುದಿನ ಬೆಳಿಗ್ಗೆ ನಾನೂ ಎಂಜಿನಿಯರೂ ಗುಬ್ಬಿ ದಾಟಿ ಕಡಬಕ್ಕೆ ಹೋದೆವು. ಕೆರೆ ಏರಿಯ ಹತ್ತಿರ ವಿಚಾರಿಸಿದಾಗ ಒಬ್ಬರು ತೆಂಗಿನ ತೋಟದ ಅಂಚಿನ ಮನೆ ತೋರಿಸಿದರು. ಮನೆಯ ಹಿಂದಿನಿಂದ ಗಂಡಸೊಬ್ಬರು ಮೇಕೆಯನ್ನು ಬೈಯುವುದು ಕೇಳಿಸಿತು. ಎದೆಯಿಂದ ಬರುವ ದನಿ, ಅಂಚಿನಲ್ಲಿ ಸವೆದದ್ದು. ಎಂಜಿನಿಯರ್ ನನ್ನ ಮುಖ ನೋಡಿದ. “ಇದೇ ಮೇಡಂ” ಎಂದ.

ಹಿತ್ತಲಿನಿಂದ ಬಂದದ್ದು ಒಬ್ಬ ಹೆಂಗಸು. ಎಪ್ಪತ್ತು ದಾಟಿದ ವಯಸ್ಸು, ಎತ್ತರದ ಮೈಕಟ್ಟು, ಕೆನ್ನೆಗೆ ಪೌಡರು, ಎರಡೂ ಕಡೆ ಮೂಗುಬೊಟ್ಟು.

“ಕಲಾವಿದರು ಇದಾರಾ?” ಎಂದೆ.

“ಯಾವ ಕಲಾವಿದ್ರು?”

“ರಾಜನ ಪಾತ್ರ ಮಾಡ್ತಿದ್ರಲ್ಲ…”

“ಅವ್ರು ನಿಮ್ ಮುಂದೇ ನಿಂತವ್ರೆ” ಎಂದರು, ಅದೇ ಗಂಡುದನಿಯಲ್ಲಿ.

ಮೇಷ್ಟ್ರ ಮೆಸೇಜನ್ನು ಆಮೇಲೆ ಮತ್ತೆ ಓದಿದೆ. ಒಬ್ಬರು, ಕಲಾವಿದರು, ಹೆಸರಾದವರು. ಮರ್ಯಾದೆಯ ಕನ್ನಡದಲ್ಲಿ ಹೆಣ್ಣೋ ಗಂಡೋ ಎಂಬುದು ಎಲ್ಲೂ ಇರಲಿಲ್ಲ. ಗಂಡೆಂದುಕೊಂಡದ್ದು ನಾನೇ.

ಅವರು ಹುಡುಗಿಯಾಗಿದ್ದಾಗ ಹೆಂಗಸರೇ ನಡೆಸುತ್ತಿದ್ದ ನಾಟಕ ಮಂಡಳಿಯೊಂದಕ್ಕೆ ಸೇರಿದ್ದರಂತೆ. ಎತ್ತರವಿದ್ದುದರಿಂದ ಸಿಂಹಾಸನ ಸಿಕ್ಕಿತು. “ಒಂದೇ ಒಂದ್ ದಪ ರಾಣಿ ಮಾಡ್ದೆ ಕಣವ್ವಾ. ಜನ ನಗ್ಬುಟ್ರು. ಮೀಸೆ ಇಲ್ದೆ ನನ್ ಮಕ ಅವ್ರಿಗೆ ಒಗ್ಗಲೇ ಇಲ್ಲ.” ಈಗ ಶಾಲೆಯ ಶಿಕ್ಷಕಿಯಾದ ತಂಗಿಯ ಮಗಳೊಂದಿಗೆ ಇದ್ದಾರೆ. ಕಣ್ಣಿಗೆ ಪೊರೆ. ಒಂದಕ್ಕೆ ಆಪರೇಷನ್ ಆಗಿದೆ, ಆದರೂ ದೂರದ್ದೂ ಸಣ್ಣ ಅಕ್ಷರವೂ ಮಂಜು ಮಂಜು. ಇನ್ನೊಂದಕ್ಕೆ ಆಗಬೇಕು.

ಕಥೆ ಹೇಳಿದೆ. ಹೆಣ್ಣುವೇಷದ ಗಂಡಸಿಗೆ ದನಿ ಕೊಡಬೇಕು ಎಂದಾಗ ಬಾಯಿತುಂಬ ನಕ್ಕರು. “ಅಂಗಂದ್ರೆ, ಅವ್ನು ನಮ್ಮನ್ನ ಆಡ್ದ, ನಾವು ಅವ್ನನ್ನ ಆಡಾದು. ಸರಿಹೋಯ್ತು ಬುಡು. ಆದ್ರೆ ಪೂರ್ತಿ ಸಿನಿಮಾ ಮೊದ್ಲು ನಂಗೆ ತೋರಿಸ್ಬೇಕು. ಮುದುಕನ್ನ ಮಾಡಬೇಕು ಅಂದ್ರೆ ಅವ್ನ್ ಹುಡುಗ ಆಗಿದ್ದಾಗ ಎಂಗಿದ್ದ ಅಂತ ಗೊತ್ತಿರ್ಬೇಕಲ್ಲ.”

ತೋರಿಸಿದೆವು. ಸ್ಟುಡಿಯೋದ ದೊಡ್ಡ ಟಿವಿಯ ಮುಂದೆ ಅಂಗೈಯಗಲ ದೂರದಲ್ಲಿ ಕುರ್ಚಿ ಹಾಕಿಕೊಂಡು, ಮೇಷ್ಟ್ರ ದನಿ ಇರುವಷ್ಟನ್ನೂ ಉಳಿದದ್ದನ್ನು ಮರಾಠಿಯಲ್ಲೂ ನೋಡಿದರು. ಹಾಡು ಬಂದಾಗ ತೊಡೆಯ ಮೇಲೆ ತಾಳ ಹಾಕಿದರು. “ಈ ಮೇಷ್ಟ್ರು ಯಾರೋ ಗಟ್ಟಿ ಕಣಪ್ಪ” ಎಂದರು.

ಮೊದಲ ದಿನ ಏನೂ ನೆಟ್ಟಗಾಗಲಿಲ್ಲ. ಮೈಕಿನ ಮುಂದೆ ನಿಂತ ಕೂಡಲೇ ಅವರು ಕಂಪನಿ ನಾಟಕದ ಕೊನೆಯ ಸಾಲಿಗೆ ಮಾತು ಕಳಿಸಿದರು. ಸದ್ದು ಅಳೆಯುವ ಮೀಟರು ಕೆಂಪಗಾಯಿತು. ಹಾಸಿಗೆ ಹಿಡಿದ ಮುದುಕ ಯುದ್ಧ ಘೋಷಿಸಿದಂತಿತ್ತು. ಮೈಕನ್ನು ದೂರ ಸರಿಸಿದರೆ ಕೋಣೆಯ ಮಾರ್ದನಿ ಕೇಳಿಸುತ್ತಿತ್ತು, ಹತ್ತಿರ ತಂದರೆ ದನಿ ಒಡೆಯುತ್ತಿತ್ತು. ಮೆಲ್ಲಗೆ ಹೇಳಿ ಎಂದರೆ ಸಿಟ್ಟು. “ಪಿಸುಗುಟ್ಟಾಕೆ ನಾನೇನ್ ಕಳ್ಳೀನಾ?” ಕೊನೆಗೆ ನಾನು ಒಳಗೆ ಹೋಗಿ ಅವರೆದುರು ಒಂದು ಸ್ಟೂಲಿನ ಮೇಲೆ ಕೂತೆ. “ಅಮ್ಮಾ, ಮೈಕ್ ಮರ್ತುಬಿಡಿ. ನಾನು ನಿಮ್ ಮಂಚದ ಪಕ್ಕ ಕೂತಿದೀನಿ. ನನಗೊಬ್ಬಳಿಗೆ ಹೇಳಿ” ಎಂದೆ. ಅವರು ನನ್ನ ಕಡೆಗೆ ಬಾಗಿದರು. ಆಮೇಲೆ ಹೇಳಿದ್ದು ನನಗೊಬ್ಬಳಿಗೇ. ಗಾಜಿನ ಆಚೆ ಎಂಜಿನಿಯರ್ ಹೆಬ್ಬೆಟ್ಟು ಎತ್ತಿದ.

ಎರಡನೇ ತೊಡಕು ಕಣ್ಣು. ಹಾಳೆ ಓದಲಾಗದು, ಪರದೆ ನೋಡಿ ತುಟಿ ಹಿಡಿಯಲಾಗದು. ಅವರ ಮಂಡಳಿಯಲ್ಲಿ ಪರದೆಯ ಮರೆಯಲ್ಲಿ ನಿಂತು ಮಾತು ಎತ್ತಿಕೊಡುವವರಿದ್ದರಂತೆ. ಆ ಕೆಲಸ ನನಗೆ ಬಂತು. ಅವರ ಹೆಡ್‌ಫೋನಿಗೆ ನಾನು ಪಕ್ಕದ ಕೋಣೆಯಿಂದ ಒಂದೊಂದು ವಾಕ್ಯ ಹೇಳಿಕೊಡುವುದು, ಅವರು ಎರಡು ಸಲ ಗುನುಗಿ ಮನಸ್ಸಿಗೆ ಹಾಕಿಕೊಳ್ಳುವುದು, ನಟ ಬಾಯಿ ತೆರೆಯುವ ಹೊತ್ತಿಗೆ ಎಂಜಿನಿಯರ್ ಹೊರಗಿನಿಂದ ಅವರ ಭುಜದ ಹತ್ತಿರದ ಪುಟ್ಟ ದೀಪ ಹೊತ್ತಿಸುವುದು. ಹೆಡ್‌ಫೋನಿನ ನನ್ನ ಮಾತು ಮೈಕಿಗೆ ಸೋರುತ್ತಿತ್ತು. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ತರಿಸಿದೆವು. ಅದು ಅವರ ತುರುಬಿಗೆ ಅಡ್ಡ ಬಂತು. “ತುರುಬು ಬಿಚ್ಚಲ್ಲ” ಎಂದು ಹಟ ಹಿಡಿದರು. ಎಂಜಿನಿಯರ್ ಪಟ್ಟಿಯನ್ನು ಹಿಂದಕ್ಕೆ, ಕತ್ತಿನ ಕಡೆಗೆ ತಿರುಗಿಸಿ ಹಾಕಿಸಿದ. ಅಲ್ಲಿಂದ ಮುಂದೆ ಕೆಲಸ ಓಡಿತು. ನೆನಪು ಎಂಥದೆಂದರೆ ಒಮ್ಮೆ ಕೇಳಿದ ಮಾತನ್ನು ಊಟ ಮುಗಿಸಿ ಬಂದು ಹಾಗೇ ಹೇಳುತ್ತಿದ್ದರು. ಸೋಮವಾರ ನಾವು ಕಳಿಸಿದ ಎರಡು ದೃಶ್ಯ ಕೇಳಿ ವಿತರಕರು ಹೇಳಿದ್ದು ಇಷ್ಟೇ: “ಯಾರ್ರೀ ಈ ಮುದುಕ್ರು? ಮುಗಿಸಿ ಬೇಗ.” ಮುದುಕರಲ್ಲ ಎಂದು ನಾನು ತಿದ್ದಲಿಲ್ಲ.

ಜಗಳವಾದದ್ದು ಒಂದು ಪದಕ್ಕೆ.

ಚಿತ್ರದ ಕೊನೆಯ ಹೊತ್ತಿಗೆ ಒಬ್ಬ ಯುವ ನಟಿ ಮುದುಕನ ಮನೆಗೆ ಬರುತ್ತಾಳೆ. ಅವನು ರಂಗದ ಮೇಲೆ ಉಡುತ್ತಿದ್ದಂಥ ಒಂಬತ್ತು ಗಜದ ಜರಿ ಸೀರೆ ತಂದಿದ್ದಾಳೆ. ಒಂದೇ ಸಲ ಉಟ್ಟು ಜನರ ಮುಂದೆ ಬನ್ನಿ ಎಂದು ಕೇಳುತ್ತಾಳೆ. ಅವನು ಸೀರೆಯ ಅಂಚನ್ನು ಬೆರಳಿನಿಂದ ಸವರಿ ‘ನಕೋ’ ಎನ್ನುತ್ತಾನೆ. ಪರದೆಯ ತುಂಬ ಅವನ ಮುಖ. ‘ನಕೋ’ ಎಂದರೆ ಬೇಡ. ಆದರೆ ‘ಬೇಡ’ ಶುರುವಾಗುವುದೇ ತುಟಿ ಮುಚ್ಚಿ, ಮುಗಿಯುವುದು ಬಾಯಿ ತೆರೆದು. ಮೂಲದಲ್ಲಿ ತುಟಿ ತೆರೆದುಕೊಂಡು ಶುರುವಾಗಿ ಕೊನೆಗೆ ದುಂಡಗಾಗುತ್ತದೆ. ಅದಕ್ಕೆ ನಾನು ‘ಸಾಕು’ ಎಂದು ಬರೆದಿದ್ದೆ. ಎರಡಕ್ಷರ, ಕೊನೆಗೆ ತುಟಿ ದುಂಡಗೆ. ಅದು ಹೊಳೆದ ದಿನ ನಾನು ಒಬ್ಬಳೇ ಕೂತು ಚಪ್ಪಾಳೆ ತಟ್ಟಿಕೊಂಡಿದ್ದೆ.

“ಸಾಕು” ಎಂದು ಹೇಳಿಕೊಟ್ಟೆ. ದೀಪ ಹತ್ತಿತು. ಅವರು “ಬೇಡ” ಎಂದರು.

ತಪ್ಪಿ ಬಂತೆಂದುಕೊಂಡು ಮತ್ತೆ ಹೇಳಿಕೊಟ್ಟೆ. ಮತ್ತೆ “ಬೇಡ.”

“ಅಮ್ಮಾ, ಸಾಕು. ಸಾಕು ಅನ್ನಿ.”

“ಕೇಳಿಸ್ತು ಕಣವ್ವಾ, ನಂಗೇನ್ ಕಿವಿ ಕೆಟ್ಟಿಲ್ಲ. ಸಾಕು ಅನ್ನಾದು ಹೊಟ್ಟೆ ತುಂಬ್ದೋರು. ಇವ್ನಿಗೆ ಎಲ್ಲಿ ಸಾಕಾಗೈತೆ? ಆ ಸೀರೆ ಮುಟ್ತಾವ್ನಲ್ಲ, ಉಟ್ಕಬೇಕು ಅಂತ ಜೀವ ಬಡ್ಕತಾ ಐತೆ. ಅದುಕ್ಕೇ ಬೇಡ ಅಂತಾವ್ನೆ.”

“ತುಟಿ ಸೇರಲ್ಲ ಅಮ್ಮಾ. ದೊಡ್ಡ ಪರದೆ ಮೇಲೆ ಎದ್ದು ಕಾಣುತ್ತೆ.”

“ತುಟಿ ನೋಡಾಕೆ ಬತ್ತಾರಾ ಜನ?”

ನನಗೆ ಕೋಪ ಬಂತು. ಇಡೀ ಚಿತ್ರದಲ್ಲಿ ತುಟಿ ತಪ್ಪದಂತೆ ಕಾಯ್ದವಳು ನಾನು. ಕನ್ನಡ ಡಬ್ಬಿಂಗ್ ಎಂದರೆ ಬಾಯಿಗೂ ಮಾತಿಗೂ ಸಂಬಂಧವಿರುವುದಿಲ್ಲ ಎಂದು ಗೇಲಿ ಮಾಡುವವರಿಗೆ ಉತ್ತರ ಕೊಡಬೇಕೆಂದು ಒಂದೊಂದು ಅಕ್ಷರಕ್ಕೂ ಒದ್ದಾಡಿದ್ದೆ. ಈಗ ಎಲ್ಲಕ್ಕಿಂತ ದೊಡ್ಡ ಕ್ಲೋಸಪ್ಪಿನಲ್ಲಿ ಬಿಟ್ಟುಕೊಡುವುದೇ? ಕಾಫಿಗೆ ಬಿಡೋಣ ಎಂದೆ. ಅಷ್ಟರಲ್ಲಿ ರೈಲೂ ಬಂತು.

ತಿರುಗಿ ಬಂದು ಎರಡನ್ನೂ ರೆಕಾರ್ಡ್ ಮಾಡಿಸಿದೆ. ‘ಸಾಕು’ ಎನ್ನಲು ಕೊನೆಗೂ ಒಪ್ಪಿದರು, ಚೆನ್ನಾಗಿಯೇ ಹೇಳಿದರು. ಅವರನ್ನು ಊಟಕ್ಕೆ ಕಳಿಸಿ ನಾನೂ ಎಂಜಿನಿಯರೂ ಒಂದಾದ ಮೇಲೊಂದರಂತೆ ಹಾಕಿ ನೋಡಿದೆವು. ‘ಸಾಕು’ ತುಟಿಗೆ ಚರ್ಮದ ಹಾಗೆ ಅಂಟಿತ್ತು. ಮುದುಕ ತೃಪ್ತನಾಗಿ, ಶಾಂತನಾಗಿ ಸೀರೆಯನ್ನು ಹಿಂದಕ್ಕೆ ತಳ್ಳಿದ. ‘ಬೇಡ’ದಲ್ಲಿ ತುಟಿ ತಪ್ಪಿತ್ತು. ಆದರೆ ಆ ‘ಬೇ’ ಹುಟ್ಟುವ ಮೊದಲು ಅವರು ತುಟಿ ಮುಚ್ಚಿ ಒಂದು ಗುಟುಕು ನುಂಗಿದ್ದರು. ಅದು ಕೇಳಿಸುತ್ತಿತ್ತು. ಪರದೆಯ ಮೇಲಿನ ಬೆರಳು ಸೀರೆಯ ಅಂಚನ್ನು ಬಿಡಲಾರದೆ ಬಿಡುತ್ತಿದ್ದುದು ನನಗೆ ಕಂಡದ್ದು ಆಗಲೇ. ಅಷ್ಟು ಸಲ ಆ ದೃಶ್ಯ ನೋಡಿದ್ದ ನಾನು ತುಟಿಯ ಕೆಳಗೆ ಏನನ್ನೂ ನೋಡಿರಲಿಲ್ಲ.

“ಇವ್ನು ತಲೆ ಬಗ್ಗಿಸ್ತಾನಲ್ಲ, ಅಲ್ಲಿಗೆ ಸ್ವಲ್ಪ ತಳ್ಳಿ ನೋಡ್ಲಾ?” ಎಂದ ಎಂಜಿನಿಯರ್. ಮಾತನ್ನು ಕೂದಲೆಳೆಯಷ್ಟು ಮುಂದಕ್ಕೆ ಜಾರಿಸಿದ. ಕೊನೆಯ ಅಕ್ಷರ ಅವನ ಗದ್ದ ಎದೆಗೆ ತಾಗುವ ಜಾಗಕ್ಕೆ ಬಿದ್ದು ಅರ್ಧ ಮರೆಯಾಯಿತು. ಇನ್ನರ್ಧ ತಪ್ಪೇ.

“ಇದೇ ಇರಲಿ” ಎಂದೆ.

“ತುಟಿ?”

“ತಪ್ಪಿದ್ರೆ ತಪ್ಪಲಿ.”

ಹೇಳಿದ ಮೇಲೆ ಹಗುರವಾಯಿತು. ಊಟ ಮುಗಿಸಿ ಬಂದವರಿಗೆ ತಿಳಿಸಿದರೆ ಗೆದ್ದ ಖುಷಿಯನ್ನೇನೂ ತೋರಿಸಲಿಲ್ಲ. “ಮುಂದಿನ್ ಮಾತ್ ಹೇಳವ್ವ” ಎಂದು ಹೆಡ್‌ಫೋನಿಗೆ ಕೈಚಾಚಿದರು.

ಎಲ್ಲ ಮುಗಿದು ಮಿಕ್ಸಿಂಗ್ ನಡೆಯುವಾಗ ಮೇಷ್ಟ್ರು ಬಂದರು. ಇನ್ನೂ ಮೌನದಲ್ಲಿದ್ದರು, ಕತ್ತಿಗೆ ಮಫ್ಲರ್. ನನಗಿದ್ದ ಭಯ ಎರಡು ದನಿಗಳು ಸೇರುವ ಜಾಗದ್ದು. ಆ ಜಗಳದ ದೃಶ್ಯದಲ್ಲಿ ಅವರ ಗಂಟಲು ಒಡೆಯುವ ಮೊದಲಿನ ಟೇಕನ್ನೇ ಇಟ್ಟುಕೊಂಡಿದ್ದೆವು. ಅಲ್ಲಿಂದ ಚಿತ್ರ ಹಲವು ವರ್ಷ ಮುಂದಕ್ಕೆ ಹಾರುತ್ತದೆ. ಖಾಲಿ ರಂಗಮಂದಿರ, ಮಂಚ, ಬೆನ್ನು ತಿರುಗಿಸಿ ಮಲಗಿದ ಮುದುಕ. ಕಡಬದ ದನಿ ಮೊದಲು ಬರುವುದು ನೀರು ಕೇಳುವ ಒಂದು ಸಣ್ಣ ಮಾತಿನಲ್ಲಿ. ಮೇಷ್ಟ್ರು ಕಣ್ಣು ಮುಚ್ಚಿ ಕೇಳಿದರು. ಎರಡನೇ ಸಲ ಹಾಕಿ ಎಂದು ಬೆರಳಲ್ಲಿ ತೋರಿಸಿದರು. ಆಮೇಲೆ ಮೊಬೈಲಿನಲ್ಲಿ ಬರೆದು ನನ್ನ ಕೈಗಿತ್ತರು: ‘ನನಗೆ ವಯಸ್ಸಾದರೆ ಹೀಗೇ ಆಗಲಿ.’

ತುಮಕೂರಿನ ಥಿಯೇಟರಿನಲ್ಲಿ ಬೆಳಗಿನ ಆಟಕ್ಕೆ ಎಲ್ಲರೂ ಹೋದೆವು. ಜನ ಅರ್ಧ ತುಂಬಿದ್ದರು. ಹಾಡು ಮರಾಠಿಯಲ್ಲಿ ಬಂದಾಗ ಒಂದಿಬ್ಬರು ಎದ್ದು ಪಾಪ್‌ಕಾರ್ನ್ ತರಲು ಹೋದರು, ಉಳಿದವರು ಕೂತರು, ಒಬ್ಬರು ತಾಳ ಹಾಕಿದರು. ‘ಬೇಡ’ ಬಂದಾಗ ನಾನು ಪರದೆ ಬಿಟ್ಟು ಜನರನ್ನು ನೋಡುತ್ತಿದ್ದೆ. ಯಾರೂ ಅಲುಗಲಿಲ್ಲ. ನಮ್ಮ ಹಿಂದಿನ ಸಾಲಿನ ಹೆಂಗಸು ಪಕ್ಕದವಳಿಗೆ, “ಪಾಪ, ಆಸೆ ಐತೆ ಕಣೇ ಅವ್ನಿಗೆ” ಎಂದಳು. ಪಕ್ಕದಲ್ಲಿದ್ದ ಕಡಬದ ಅಮ್ಮ ನನ್ನನ್ನು ಮೊಣಕೈಯಿಂದ ತಿವಿದರು.

ಹೊರಗೆ ಬಿಸಿಲಿತ್ತು. ತಂಗಿಯ ಮಗಳು ಸ್ಕೂಟರ್ ತಂದು ನಿಲ್ಲಿಸಿದಳು. ಮೇಷ್ಟ್ರಿಗೆ ಎರಡು ದಿನದ ಹಿಂದಷ್ಟೇ ವೈದ್ಯೆ ದಿನಕ್ಕೆ ಕೆಲವು ಮಾತಿಗೆ ಅನುಮತಿ ಕೊಟ್ಟಿದ್ದರು. ಅವತ್ತಿನ ಪಾಲಿನಲ್ಲಿ ಒಂದನ್ನು ಅವರು ಆ ಹಿರಿಯ ಕಲಾವಿದೆಗೆ ಖರ್ಚು ಮಾಡಿದರು. “ನಮಸ್ಕಾರ” ಎಂದರು, ತಮ್ಮದೇ ದನಿಯಲ್ಲಿ, ತುಸು ಒರಟಾಗಿ. ಅವರು ಮೇಷ್ಟ್ರ ಗದ್ದ ಹಿಡಿದು ಅಲುಗಿಸಿ, “ಜೋಪಾನ ಕಣಪ್ಪ ಗಂಟ್ಲು” ಎಂದು ಸ್ಕೂಟರ್ ಹತ್ತಿದರು.

ವಾರದ ಮೇಲೆ ನನ್ನ ಫೋನ್ ರಿಂಗಾಯಿತು. ಪರಿಚಯವಿಲ್ಲದ ಗಂಡಸಿನ ದನಿ ಎಂದುಕೊಂಡು ಒಂದು ಕ್ಷಣ ತಡವರಿಸಿದೆ.

“ಏನವ್ವಾ, ಮರ್ತ್ಬುಟ್ಯಾ? ಇನ್ನೊಂದ್ ಕಣ್ಣಿಗೂ ಆಪ್ರೇಸನ್ ಆಯ್ತು. ಚೆಂದಾಗ್ ಕಾಣ್ತೈತೆ. ಬ್ಯಾರೆ ಸಿನಿಮಾ ಬಂದ್ರೆ ಹೇಳು.”

ನನ್ನ ಮೇಜಿನ ಮೇಲೆ ಆಗಷ್ಟೇ ಬಂದ ಹೊಸ ಚಿತ್ರವಿತ್ತು. ಅದರಲ್ಲಿ ಒಬ್ಬ ಅಜ್ಜಿಯ ಪಾತ್ರವಿದೆ, ಮಾಡುತ್ತೀರಾ ಎಂದು ಕೇಳಿದೆ.

“ಅಜ್ಜಿನಾ?” ಎಂದು ಅವರು ಯೋಚಿಸಿದರು. “ಅದು ನಂಗೆ ಬರಾಕಿಲ್ಲ ಬುಡು. ಗಂಡಸ್ರು ಯಾರೂ ಇಲ್ವಾ ಅದ್ರಾಗೆ?”

ಇದ್ದಾರೆ, ಒಬ್ಬ ನಿವೃತ್ತ ಜಡ್ಜ್ ಇದ್ದಾರೆ ಎಂದೆ.

“ಯಾವತ್ತ್ ಬರ್ಲಿ?”